ಫ್ರಾನ್ಸಿನ ರೈಲು ಹತ್ತಲು ಎಷ್ಟು ಫ್ರೆಂಚ್ ಬೇಕು?

ಪ್ರಶ್ನೆ: ನಾವು ಗಂಡ ಹೆಂಡತಿ, ಇಬ್ಬರಿಗೂ ಅರವತ್ತು ದಾಟಿದೆ. ಮಗಳು ಗ್ರೆನೋಬ್ಲ್‌ನಲ್ಲಿ ಓದುತ್ತಿದ್ದಾಳೆ. ಪ್ಯಾರಿಸ್ ವಿಮಾನ ನಿಲ್ದಾಣದಲ್ಲಿ ಇಳಿದು ಅಲ್ಲಿಂದಲೇ ರೈಲಿನಲ್ಲಿ ಲಿಯಾನ್‌ಗೆ ಹೋಗಿ, ಗಾಡಿ ಬದಲಿಸಿ ಅವಳ ಊರಿಗೆ ಹೋಗಬೇಕು. ಆಮೇಲೆ ಒಂದೆರಡು ಊರು ನಾವಿಬ್ಬರೇ ಸುತ್ತುವ ಆಸೆ. ಇಂಗ್ಲಿಷ್ ಅಷ್ಟಿಷ್ಟು ಬರುತ್ತದೆ, ಫ್ರೆಂಚ್ ಒಂದಕ್ಷರ ಗೊತ್ತಿಲ್ಲ. ಪುಸ್ತಕದಲ್ಲಿದ್ದ ನೂರಾರು ವಾಕ್ಯ ನೋಡಿ ತಲೆ ಕೆಟ್ಟಿತು. ರೈಲಿನ ಮಟ್ಟಿಗೆ ಯಾವುದನ್ನು ಕಲಿತರೆ ಸಾಕು? ಉಚ್ಚಾರಣೆ ಕನ್ನಡದಲ್ಲೇ ಬರೆದುಕೊಡಿ.

ಉತ್ತರ: ಆ ಪುಸ್ತಕಗಳಲ್ಲಿ ಒಂದು ಐಬಿದೆ. ಕೇಳುವುದನ್ನು ಕಲಿಸುತ್ತವೆ, ಬಂದ ಉತ್ತರವನ್ನು ಏನು ಮಾಡಬೇಕೆಂದು ಕಲಿಸುವುದಿಲ್ಲ. 'ರೈಲು ಯಾವಾಗ ಹೊರಡುತ್ತದೆ, ಎಲ್ಲಿ ಬದಲಿಸಬೇಕು' ಎಂದು ನೀವು ಬಾಯಿಪಾಠ ಮಾಡಿ ಚೆಂದವಾಗಿ ಕೇಳಿದಷ್ಟೂ ಎದುರಿನವರು ನಿಮಗೆ ಭಾಷೆ ಬರುತ್ತದೆಂದುಕೊಂಡು ಅರ್ಧ ನಿಮಿಷ ಗಡಗಡ ಹೇಳಿ ಮುಗಿಸುತ್ತಾರೆ. ಆದ್ದರಿಂದ ಹೌದು, ಅಲ್ಲ, ಒಂದು ಸಂಖ್ಯೆ, ಇಲ್ಲವೇ ಬೆರಳು ತೋರಿಸುವುದು, ಇಷ್ಟರಲ್ಲೇ ಉತ್ತರ ಮುಗಿಯುವಂಥ ಪ್ರಶ್ನೆಗಳನ್ನು ಮಾತ್ರ ಕಲಿಯಿರಿ. ಉಳಿದ ಶ್ರಮವನ್ನೆಲ್ಲ ಸಂಖ್ಯೆ ಮತ್ತು ಅಕ್ಷರಗಳನ್ನು ಕಿವಿಯಲ್ಲಿ ಹಿಡಿಯುವುದಕ್ಕೆ ಹಾಕಿ. ಅಲ್ಲಿನ ರೈಲಿನಲ್ಲಿ ತಪ್ಪುವುದು ಹೆಚ್ಚಾಗಿ ಅದೇ.

ಮೊದಲು ಉಚ್ಚಾರಣೆ. ಕನ್ನಡದ ನಾಲಿಗೆಗೆ ಇಲ್ಲಿ ಅನುಕೂಲವೇ ಹೆಚ್ಚು. ಫ್ರೆಂಚಿನ ಟಿ ಮತ್ತು ಡಿ ನಮ್ಮ ತ, ದ. ಟ, ಡ ಅಲ್ಲ. ಇಂಗ್ಲಿಷ್ ಅಭ್ಯಾಸದಲ್ಲಿ 'ಟ್ರೇನ್' ಎನ್ನುವುದನ್ನು ಬಿಟ್ಟು 'ತ್ರ್ಯಾಂ' ಎನ್ನಿ. ನಾನು ಕೆಳಗೆ ಲ, ಜ, ದ, ಕ ಎಂದು ಬಿಡಿಯಾಗಿ ಬರೆದ ಕಡೆ ಆ ಅಕಾರವನ್ನು ಮೋಟಾಗಿ ಹೇಳಿದರೆ ಸರಿಹೋಗುತ್ತದೆ. ನಮ್ಮ ಅಕ್ಷರಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಞ ಕೂಡ ಅಲ್ಲಿ ಉಪಯೋಗಕ್ಕೆ ಬರುತ್ತದೆ: ಆವಿಞೋಂ ಒಂದು ಊರು.

ಎಡವುವುದು ಮೂರು ಕಡೆ. ಒಂದು, ಪದದ ಕೊನೆಯ ಸೊನ್ನೆ. ನಾವು ಅದನ್ನು ತುಟಿ ಮುಚ್ಚಿ 'ಮ್' ಮಾಡುತ್ತೇವೆ. ಅಲ್ಲಿ ತುಟಿ ಮುಚ್ಚಬಾರದು, ಸ್ವರವನ್ನೇ ಮೂಗಿನಿಂದ ಬಿಡಬೇಕು. 'ಲಿಯೋಂ' ಎನ್ನುವಾಗ ಬಾಯಿ ಕೊನೆಯವರೆಗೂ ತೆರೆದೇ ಇರಲಿ. ಎರಡು, ನಾನು 'ಯೂ' ಎಂದು ಬರೆದದ್ದು: ತುಟಿಯನ್ನು ಊ ಹೇಳುವಂತೆ ಚಾಚಿಟ್ಟು, ಒಳಗಿನಿಂದ ಈ ಎನ್ನಿ. ಮೂರು, 'ದೊ' ಎಂದು ಬರೆದಲ್ಲಿ ತುಟಿ ಗುಂಡಗಿಟ್ಟು 'ದೇ' ಎನ್ನಿ. ರಕಾರ ಗಂಟಲಿನಿಂದ ಬರಬೇಕು ಎನ್ನುತ್ತಾರೆ. ನಮ್ಮ ರಕಾರ ಹೇಳಿದರೂ ಅರ್ಥವಾಗುತ್ತದೆ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಕೆಳಗೆ ಚುಕ್ಕಿಯಿರುವ ಜ಼ ಇಂಗ್ಲಿಷಿನ ಜ಼ೀರೋದಲ್ಲಿ ಬರುವ ಧ್ವನಿ. ಚುಕ್ಕಿಯಿಲ್ಲದ ಜ, ಶಕಾರಕ್ಕೆ ನಾದ ಕೊಟ್ಟಂತೆ ಮೆತ್ತಗಿರುತ್ತದೆ.

ಊರಿನ ಹೆಸರುಗಳಲ್ಲಿ ಕೊನೆಯ ವ್ಯಂಜನ ಸಾಮಾನ್ಯವಾಗಿ ಉದುರಿಹೋಗುತ್ತದೆ. ಪ್ಯಾರಿಸ್ ಅಂದರೆ ಪಾರೀ, ಬೋರ್ಡೋ ಅಂದರೆ ಬೋರ್ದೋ, ನಿಮ್ಮ ಮಗಳ ಊರು ಗ್ರನೋಬ್ಲ್. ಮೂಗಿನ ಸ್ವರ ಸರಿಯಾಗಿ ಬರದಿದ್ದರೆ ಎಷ್ಟು ದೂರ ಹೋಗಿಬಿಡಬಹುದು ಎನ್ನುವುದಕ್ಕೆ ಒಂದು ಉದಾಹರಣೆ: 'ಕಾಂ' ಎಂಬ ಊರು ಉತ್ತರದ ನಾರ್ಮಂಡಿಯಲ್ಲಿದೆ, ಪ್ಯಾರಿಸ್ಸಿನ ಸ್ಯಾಂ ಲಾಜ಼ಾರ್ ನಿಲ್ದಾಣದಿಂದ ಗಾಡಿ. 'ಕಾನ್' ದಕ್ಷಿಣದ ಸಮುದ್ರ ತೀರದಲ್ಲಿದೆ, ಗಾರ್ ದ ಲಿಯೋಂ ನಿಲ್ದಾಣದಿಂದ ಹೊರಡಬೇಕು. ಟಿಕೆಟ್ ಕಿಟಕಿಯಲ್ಲಿ ಇಂಥ ಹೆಸರನ್ನು ಬರೆದೇ ತೋರಿಸಿ. ಹಾಗೆಯೇ ಗಾರ್ ದ ಲಿಯೋಂ ಇರುವುದು ಪ್ಯಾರಿಸ್ಸಿನಲ್ಲಿ. ಲಿಯಾನ್ ಊರಿನ ಮುಖ್ಯ ನಿಲ್ದಾಣ ಪಾರ್ ದ್ಯೊ. ಟಿಕೆಟ್ ಮೇಲೆ ಊರಿನ ಹೆಸರಷ್ಟೇ ಅಲ್ಲ, ನಿಲ್ದಾಣದ ಹೆಸರನ್ನೂ ಓದಿಕೊಳ್ಳಿ.

ಇನ್ನು ಮಾತು. ನಮ್ಮಲ್ಲಿ 'ಸಾರ್, ಮೈಸೂರು ಗಾಡಿ ಯಾವ ಪ್ಲಾಟ್‌ಫಾರಂ?' ಎಂದು ನೇರ ವಿಷಯಕ್ಕೆ ಬರುವುದು ಸಹಜ. ಅಲ್ಲಿ ಅದು ಒರಟುತನ. ಯಾರೊಡನೆ ಏನೇ ಕೇಳುವ ಮುಂಚೆ 'ಬೋಂಜೂರ್, ಮದಾಮ್' ಅಥವಾ 'ಬೋಂಜೂರ್, ಮೊಸ್ಯೊ' ಎಂದು ಹೇಳಿ, ಒಂದು ಕ್ಷಣ ನಿಂತು, ಅವರೂ ಬೋಂಜೂರ್ ಎಂದ ಮೇಲೆ ಪ್ರಶ್ನೆಗೆ ಬನ್ನಿ. ಕತ್ತಲಾಗುವ ಹೊತ್ತಿಗೆ ಅದು 'ಬೋಂಸುವಾರ್' ಆಗುತ್ತದೆ. ಇದೊಂದು ಪದ ಬಿಟ್ಟುಹೋದರೆ ಮುಂದಿನ ಹತ್ತು ವಾಕ್ಯ ಸರಿಯಿದ್ದರೂ ಮುಖ ಗಂಟಿಕ್ಕಿಕೊಂಡೇ ಉತ್ತರ ಬರುತ್ತದೆ. ಇಂಗ್ಲಿಷಿನಲ್ಲಿ ಮಾತಾಡುವುದಾದರೂ ಮೊದಲು ಬೋಂಜೂರ್, ಆಮೇಲೆ 'ವೂ ಪಾರ್ಲೇ ಆಂಗ್ಲೆ?' (ಇಂಗ್ಲಿಷ್ ಬರುತ್ತದೆಯೇ?). 'ವೂ' ನಮ್ಮ 'ನೀವು'. 'ತ್ಯೂ' ಅಂದರೆ 'ನೀನು', ಪ್ರವಾಸದಲ್ಲಿ ಅದರ ಗೊಡವೆಯೇ ಬೇಡ.

ಕೇಳಿಕೊಳ್ಳುವಾಗ 'ಜ ವೂದ್ರೆ' ಎಂದು ಶುರುಮಾಡಿ. ನಾವು ಅಂಗಡಿಯಲ್ಲಿ 'ಬೇಕು' ಅನ್ನದೆ 'ಬೇಕಿತ್ತು' ಅನ್ನುತ್ತೇವಲ್ಲ, ಅದೇ ನಯ ಇದರಲ್ಲಿದೆ. 'ಜ ವೂದ್ರೆ ದೊ ಬಿಯೆ ಪೂರ್ ಗ್ರನೋಬ್ಲ್, ಸಿಲ್ ವೂ ಪ್ಲೆ': ಗ್ರೆನೋಬ್ಲ್‌ಗೆ ಎರಡು ಟಿಕೆಟ್ ಬೇಕಿತ್ತು. ಹೋಗುವುದಕ್ಕೆ ಮಾತ್ರವಾದರೆ 'ಆಲೇ ಸ್ಯಾಂಪ್ಲ್', ಹೋಗಿಬರುವುದಕ್ಕೆ 'ಆಲೇ ರತೂರ್'. ಇವತ್ತು 'ಓಜೂರ್ದ್ವೀ', ನಾಳೆ 'ದಮ್ಯಾಂ'. ಏನನ್ನಾದರೂ ಹುಡುಕುತ್ತಿದ್ದರೆ ವಾಕ್ಯ ಕಟ್ಟುವ ಅಗತ್ಯವಿಲ್ಲ, ವಸ್ತುವಿನ ಹೆಸರು ಹೇಳಿ 'ಸಿಲ್ ವೂ ಪ್ಲೆ?' ಎಂದು ಏರುದನಿಯಲ್ಲಿ ಮುಗಿಸಿದರೆ ಅದೇ ಪೂರ್ಣ ಪ್ರಶ್ನೆ. ಲೇ ತುವಾಲೆತ್ (ಶೌಚಾಲಯ), ಲ ಗಿಶೆ (ಟಿಕೆಟ್ ಕಿಟಕಿ), ಲಾಸಾಂಸೋರ್ (ಲಿಫ್ಟು, ನಿಮ್ಮ ಪೆಟ್ಟಿಗೆಗಳಿಗೆ ಬೇಕಾಗುತ್ತದೆ), ಲಾ ಕೋಂಸಿಞ್ (ಸಾಮಾನು ಇಟ್ಟುಹೋಗುವ ಜಾಗ), ಲಾ ಸೋರ್ತಿ (ಹೊರದಾರಿ).

ಒಂದೇ ಒಂದು ವಾಕ್ಯ ಕಲಿಯುವಷ್ಟು ಮಾತ್ರ ಸಮಯವಿದ್ದರೆ ಇದನ್ನು ಕಲಿಯಿರಿ: 'ಸೆ ಬ್ಯಾಂ ಲ ತ್ರ್ಯಾಂ ಪೂರ್ ಗ್ರನೋಬ್ಲ್?' ಇದು ಗ್ರೆನೋಬ್ಲ್ ರೈಲು ತಾನೆ? ಇಲ್ಲಿನ 'ಬ್ಯಾಂ' ಮಾಡುವುದು ನಮ್ಮ 'ತಾನೆ'ಯ ಕೆಲಸ. ಉತ್ತರ 'ವೀ' (ಹೌದು) ಅಥವಾ 'ನೋಂ' (ಅಲ್ಲ), ಅಷ್ಟೇ. ಇದೇ ಅಚ್ಚಿನಲ್ಲಿ ಎಲ್ಲವೂ ಹುಯ್ದುಕೊಳ್ಳುತ್ತದೆ. 'ಸೆ ಬ್ಯಾಂ ಲಾ ವುವಾತ್ಯೂರ್ ಕ್ಯಾಂಜ಼್?' ಇದು 15ನೇ ಬೋಗಿ ತಾನೆ? 'ಸೆ ಬ್ಯಾಂ ಪಾರ್ ದ್ಯೊ?' ಇದು ಪಾರ್ ದ್ಯೊ ತಾನೆ? ನಿಮ್ಮನ್ನು ಯಾರಾದರೂ ಹೀಗೆ ಕೇಳಿದರೆ ಬಾಯಿಬಿಟ್ಟು 'ವೀ' ಎನ್ನಿ. ಹೌದೆಂದು ನಾವು ಪಕ್ಕಕ್ಕೆ ತಲೆ ಆಡಿಸುವುದು ಅವರಿಗೆ ಅಲ್ಲವೆಂದು ಕಾಣುತ್ತದೆ.

ಇದರ ಜೊತೆಗೆ 'ಸೆ ಕೆಲ್ ವುವಾ?' (ಯಾವ ಪ್ಲಾಟ್‌ಫಾರಂ?) ಮತ್ತು 'ವೂ ಪೂವೇ ಲೇಕ್ರೀರ್?' (ಬರೆದುಕೊಡುತ್ತೀರಾ?). ಕೊನೆಯದಕ್ಕೆ ಚೀಟಿ, ಪೆನ್ನು ಕೈಯಲ್ಲಿ ಸಿದ್ಧವಿರಲಿ. ನಿಧಾನವಾಗಿ ಹೇಳಿ ಎನ್ನಲು 'ಪ್ಲ್ಯೂ ಲಾಂತಮಾಂ, ಸಿಲ್ ವೂ ಪ್ಲೆ' ಇದೆ. ಆದರೆ ಕೇಳಿದವರು ಎರಡು ಪದ ನಿಧಾನವಾಗಿ ಹೇಳಿ ಮೂರನೆಯದರಿಂದ ಮತ್ತೆ ಓಡುತ್ತಾರೆ. ಬರೆಸಿಕೊಳ್ಳುವುದೇ ಮೇಲು.

'ವುವಾ' ಪದದಲ್ಲೇ ಒಂದು ತೊಡಕಿದೆ. ಬೋರ್ಡಿನ ಮೇಲೆ ವಿ, ಒ, ಐ, ಇ ಎಂದು ಬರೆದಿದ್ದರೆ ಅದು 'ವುವಾ', ಅಂದರೆ ಹಳಿ, ನಮ್ಮ ಲೆಕ್ಕದಲ್ಲಿ ಪ್ಲಾಟ್‌ಫಾರಂ ಸಂಖ್ಯೆ. 'ವುವಾತ್ಯೂರ್' ಅಂದರೆ ಬೋಗಿ. ಗದ್ದಲದಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. 'ವುವಾ ಸೆಜ಼್' ಎಂದರೆ 16ನೇ ಪ್ಲಾಟ್‌ಫಾರಂ, 'ವುವಾತ್ಯೂರ್ ಸೆಜ಼್' ಎಂದರೆ 16ನೇ ಬೋಗಿ. ನಾವು ನಿಲ್ಲುವ ಕಟ್ಟೆಗೆ 'ಕೇ' ಎಂಬ ಬೇರೆ ಹೆಸರಿದೆ, ಕ್ಯೂ, ಯು, ಎ, ಐ ಎಂದು ಬರೆಯುತ್ತಾರೆ.

ಸಂಖ್ಯೆಗಳನ್ನು ಒಂದಿಷ್ಟು ಕೂತು ಕಲಿಯಬೇಕು. ಅಂ, ದೊ, ತ್ರುವಾ, ಕಾತ್ರ್, ಸ್ಯಾಂಕ್, ಸೀಸ್, ಸೆತ್, ವೀತ್, ನೊಫ್, ದೀಸ್. ಹನ್ನೊಂದರಿಂದ: ಓಂಜ಼್, ದೂಜ಼್, ತ್ರೆಜ಼್, ಕಾತೋರ್ಜ಼್, ಕ್ಯಾಂಜ಼್, ಸೆಜ಼್, ದೀಸೆತ್, ದೀಜ಼್ವೀತ್, ದೀಜ಼್ನೊಫ್, ವ್ಯಾಂ. ಮೂವತ್ತು ತ್ರಾಂತ್, ನಲವತ್ತು ಕಾರಾಂತ್, ಐವತ್ತು ಸ್ಯಾಂಕಾಂತ್, ಅರವತ್ತು ಸುವಾಸಾಂತ್. ಎಪ್ಪತ್ತು, ಎಂಬತ್ತು, ತೊಂಬತ್ತಕ್ಕೆ ನಮ್ಮಲ್ಲಿರುವಂಥ ಸ್ವಂತ ಪದ ಫ್ರಾನ್ಸಿನಲ್ಲಿ ಇಲ್ಲ. ಎಪ್ಪತ್ತು ಎಂದರೆ ಅರವತ್ತು-ಹತ್ತು (ಸುವಾಸಾಂತ್ ದೀಸ್), ಎಂಬತ್ತು ಎಂದರೆ ನಾಲ್ಕು-ಇಪ್ಪತ್ತು (ಕಾತ್ರ ವ್ಯಾಂ), ತೊಂಬತ್ತೆರಡು ಎಂದರೆ ನಾಲ್ಕು-ಇಪ್ಪತ್ತು-ಹನ್ನೆರಡು. ಆಸನ ಸಂಖ್ಯೆ ಹೇಳುವಾಗ 'ವ್ಯಾಂತ್ ಕಾತ್ರ್' (24) ಮತ್ತು 'ಕಾತ್ರ ವ್ಯಾಂ' (80) ತಿರುವುಮುರುವು ಆಗುವುದು ಹೀಗೆ. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನಲ್ಲಿ ಫ್ರೆಂಚ್ ಮಾತಾಡುವವರು ಈ ವಿಷಯದಲ್ಲಿ ಜಾಣರು: ಎಪ್ಪತ್ತಕ್ಕೆ ಸೆಪ್ತಾಂತ್, ತೊಂಬತ್ತಕ್ಕೆ ನೊನಾಂತ್ ಎಂದು ನೇರವಾಗಿ ಹೇಳುತ್ತಾರೆ. ಗ್ರೆನೋಬ್ಲ್‌ನಿಂದ ಜಿನೀವಾ ಕಡೆ ಹೋದರೆ ಇದು ಕಿವಿಗೆ ಬೀಳುತ್ತದೆ.

ಸಮಯ 24 ಗಂಟೆಯ ಲೆಕ್ಕ, ನಮ್ಮ ರೈಲ್ವೆಯಂತೆಯೇ. ನಡುವೆ 'ಓರ್' (ಗಂಟೆ) ಎಂಬ ಪದ ಬರುತ್ತದೆ: 14.32 ಅಂದರೆ 'ಕಾತೋರ್ಜ಼ೋರ್ ತ್ರಾಂತ್ ದೊ'. ಸಂಖ್ಯೆ ಮತ್ತು ಓರ್ ನಮ್ಮ ಸಂಧಿಯಂತೆ ಕೂಡಿಕೊಳ್ಳುವುದರಿಂದ ಕಲಿತ ಸಂಖ್ಯೆಯೇ ಗುರುತು ಸಿಗದಂತಾಗುತ್ತದೆ. ಸೀಸ್ ಹೋಗಿ 'ಸೀಜ಼ೋರ್', ದೀಸ್ ಹೋಗಿ 'ದೀಜ಼ೋರ್', ನೊಫ್ ಹೋಗಿ 'ನೊವೋರ್'. ಎರಡು ಗಂಟೆ 'ದೊಜ಼ೋರ್', ಹನ್ನೆರಡು ಗಂಟೆ 'ದೂಜ಼ೋರ್'. ಈ ಕೊನೆಯ ಜೋಡಿ ಹೊರಗಿನವರ ಕಿವಿಗೆ ಒಂದೇ. ರೈಲಿನ ಮಾತಿನಲ್ಲಿ ಮಧ್ಯಾಹ್ನದ ಎರಡು ಗಂಟೆ 'ಕಾತೋರ್ಜ಼ೋರ್' ಆಗುವುದರಿಂದ ಬಚಾವು. ಆದರೆ ಸಹಪ್ರಯಾಣಿಕರು ಮನೆಮಾತಿನಂತೆ ದೊಜ಼ೋರ್ ಎಂದುಬಿಡಬಹುದು. ಇಂಥಲ್ಲಿ ಬೆರಳು ಎಣಿಸಿ ತೋರಿಸಿ.

ಅಕ್ಷರಗಳ ಬಲೆ ಇದಕ್ಕಿಂತ ಕೆಟ್ಟದ್ದು, ನೀವು ಗಾಡಿ ಬದಲಿಸುವ ಜಾಗದಲ್ಲೇ ಕಾದಿದೆ. ಲಿಯಾನ್ ಪಾರ್ ದ್ಯೊ ನಿಲ್ದಾಣದಲ್ಲಿ ಪ್ಲಾಟ್‌ಫಾರಂಗಳಿಗೆ ಸಂಖ್ಯೆಯಿಲ್ಲ, ಇಂಗ್ಲಿಷ್ ಅಕ್ಷರಗಳಿವೆ. ಫ್ರೆಂಚರು ಇಂಗ್ಲಿಷಿನ ಜಿ ಅಕ್ಷರವನ್ನು 'ಜೇ' ಎನ್ನುತ್ತಾರೆ, ಜೆ ಅಕ್ಷರವನ್ನು 'ಜಿ' ಎನ್ನುತ್ತಾರೆ. ಸರಿಯಾಗಿ ಅದಲು ಬದಲು. ಐ ಅಕ್ಷರ 'ಈ', ಇ ಅಕ್ಷರ 'ಅ', ಎ ಅಕ್ಷರ 'ಆ', ಎಚ್ 'ಆಶ್'. 'ವುವಾ ಈ' ಎಂದು ಕೇಳಿಸಿದರೆ ಇ ಪ್ಲಾಟ್‌ಫಾರಂಗೆ ಓಡಬೇಡಿ, ಅದು ಐ. ಧ್ವನಿವರ್ಧಕ ನಂಬದೆ ಪರದೆಯ ಮೇಲೆ ಓದಿ ಖಚಿತಪಡಿಸಿಕೊಳ್ಳಿ.

ಈಗ ನಿಮ್ಮ ದಾರಿ ಹಿಡಿದು ಹೋಗೋಣ. ಟಿಕೆಟ್ ಆನ್‌ಲೈನ್ ಕೊಳ್ಳುವಾಗ 'ನೋಂ' ಎಂಬ ಖಾನೆ ಬರುತ್ತದೆ. ಎನ್, ಒ, ಎಂ ಎಂದು ಬರೆದದ್ದು. ಅದು ಹೆಸರಲ್ಲ, ಸರ್‌ನೇಮ್. ನಿಮ್ಮ ಹೆಸರು 'ಪ್ರೇನೋಂ' ಖಾನೆಗೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿಯಿದ್ದರೆ ಎರಡೂ ಕಡೆ ಅದೇ ಹೆಸರು ತುಂಬಿ. ಇನಿಷಿಯಲ್‌ಗಳನ್ನು ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದಿದ್ದರೆ ಟಿಕೆಟ್‌ನಲ್ಲೂ ಬಿಡಿಸಿಯೇ ಬರೆಯಿರಿ. ವೇಗದ ರೈಲಿನ ಟಿಕೆಟ್ ಹೆಸರಿಗೆ ಕಟ್ಟಿದ್ದು, ತಪಾಸಣೆಯವರು ತಾಳೆ ನೋಡಬಹುದು.

ಫ್ರಾನ್ಸಿನ ರೈಲ್ವೆಯನ್ನು ಅಲ್ಲಿ 'ಎಸ್ಸೆನ್ಸೆಯೆಫ್' ಎನ್ನುತ್ತಾರೆ, 1938ರಿಂದ ನಡೆಯುತ್ತಿರುವ ಸರ್ಕಾರಿ ಸಂಸ್ಥೆ. 'ತೇಜೇವೇ' ಅವರ ವೇಗದ ರೈಲು, 1981ರಲ್ಲಿ ಪ್ಯಾರಿಸ್ ಮತ್ತು ಲಿಯಾನ್ ನಡುವೆ ಮೊದಲು ಓಡಿತು, ಈಗ ಗಂಟೆಗೆ 320 ಕಿಲೋಮೀಟರ್ ತನಕ ಹೋಗುತ್ತದೆ. ಇದರಲ್ಲಿ ಎರಡು ಬಗೆ: 'ಇನ್ವೀ' ಎಂದರೆ ಮಾಮೂಲಿನದು, 'ವೀಗೋ' ಎಂದರೆ ಅಗ್ಗದ್ದು. ಅಗ್ಗದ್ದರಲ್ಲಿ ದೊಡ್ಡ ಪೆಟ್ಟಿಗೆಗೆ ಬೇರೆ ಹಣ. ಭಾರತದಿಂದ ತುಂಬಿಕೊಂಡು ಹೋಗುವವರಿಗೆ ಲೆಕ್ಕ ಹಾಕಿದರೆ ಅಂಥ ಉಳಿತಾಯವೇನಿಲ್ಲ. ಇನ್ವೀಯಲ್ಲಿ ತಲಾ ಎರಡು ಪೆಟ್ಟಿಗೆ, ಒಂದು ಕೈಚೀಲ. ಪ್ರತಿ ಪೆಟ್ಟಿಗೆಯ ಮೇಲೂ ಹೆಸರಿನ ಚೀಟಿ ಕಡ್ಡಾಯ.

ಪ್ಯಾರಿಸ್ಸಿನ ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದ ರೈಲು ನಿಲ್ದಾಣ 2ನೇ ಟರ್ಮಿನಲ್‌ನಲ್ಲಿದೆ. ಅಲ್ಲಿಂದಲೇ ಊರೊಳಗೆ ಹೋಗುವ 'ಎರ್ ಅ ಎರ್' ಲೋಕಲ್ ರೈಲಿನ ಬಿ ಮಾರ್ಗವೂ ಹೊರಡುತ್ತದೆ, ಜನರ ಹಿಂದೆ ಸುಮ್ಮನೆ ನಡೆದರೆ ಅದರ ಗೇಟಿಗೆ ಹೋಗಿ ನಿಲ್ಲುತ್ತೀರಿ. ನಿಮಗೆ ಬೇಕಾದ್ದು ತೇಜೇವೇ ಫಲಕ. ಪರದೆಯ ಮೇಲೆ ಎರಡು ಪಟ್ಟಿ: 'ದೆಪಾರ್' (ಹೊರಡುವವು), 'ಆರಿವೇ' (ಬರುವವು). ಪಟ್ಟಿಯಲ್ಲಿ ಕಾಣುವ ಊರು ಗಾಡಿಯ ಕೊನೆಯ ನಿಲ್ದಾಣ. ನಿಮ್ಮ ಗಾಡಿ ಮಾರ್ಸೇಯ್ ಎಂದೋ ಮೋಂಪೆಲಿಯೆ ಎಂದೋ ಇರಬಹುದು, ಆದ್ದರಿಂದ ಟಿಕೆಟ್ ಮೇಲಿನ ಗಾಡಿ ಸಂಖ್ಯೆ ಹಿಡಿದು ಹುಡುಕಿ. ಪ್ಲಾಟ್‌ಫಾರಂ ಯಾವುದೆಂದು ದೊಡ್ಡ ನಿಲ್ದಾಣಗಳಲ್ಲಿ ಸುಮಾರು 20 ನಿಮಿಷ ಮುಂಚೆ ಮಾತ್ರ ಬರುತ್ತದೆ, ಅದಕ್ಕೂ ಮುಂಚೆ ಗಾಬರಿ ಬೇಡ. ಬಾಗಿಲು ಹೊರಡುವ ಸಮಯಕ್ಕಲ್ಲ, 2 ನಿಮಿಷ ಮುಂಚೆಯೇ ಮುಚ್ಚುತ್ತದೆ. ಚಲಿಸುವ ಗಾಡಿಗೆ ಹಾರಿ ಹತ್ತುವ ಪ್ರಶ್ನೆಯೇ ಇಲ್ಲ.

ನಾಲ್ಕು ಸ್ವರದ ಸಣ್ಣ ರಾಗದ ನಂತರ ಘೋಷಣೆ ಬರುತ್ತದೆ. ಬಹುಪಾಲು ನಿಲ್ದಾಣಗಳಲ್ಲಿ ಕೇಳುವ ಹೆಣ್ಣು ದನಿ ಸಿಮೋನ್ ಎರೋ ಅವರದು, 1981ರಿಂದ ಅದೇ ದನಿ. ಕನ್ನಡದಲ್ಲಿ ವಿಭಕ್ತಿ ಊರಿನ ಬೆನ್ನಿಗೆ ಅಂಟುತ್ತದೆ: ಗ್ರೆನೋಬ್ಲ್‌ಗೆ, ಗ್ರೆನೋಬ್ಲ್‌ನಿಂದ. ಅವರಲ್ಲಿ ಅದು ಊರಿಗೆ ಮುಂಚೆಯೇ ಬಂದು ಹೋಗಿರುತ್ತದೆ, ನೀವು ಊರಿನ ಹೆಸರಿಗೆ ಕಿವಿ ನಿಮಿರಿಸುವಷ್ಟರಲ್ಲಿ ಮುಖ್ಯವಾದ ಭಾಗ ಮುಗಿದಿರುತ್ತದೆ. 'ಆ ದೆಸ್ತಿನಾಸಿಯೋಂ ದ ಗ್ರನೋಬ್ಲ್' ಎಂದರೆ ಗ್ರೆನೋಬ್ಲ್‌ಗೆ ಹೋಗುವ ಗಾಡಿ. 'ಆಂ ಪ್ರೊವನಾಂಸ್ ದ ಗ್ರನೋಬ್ಲ್' ಎಂದರೆ ಅಲ್ಲಿಂದ ಬರುತ್ತಿರುವ ಗಾಡಿ. 'ಇಲ್ ದೆಸೆರ್ವಿರಾ' ಎಂದು ಕೇಳಿದರೆ ಮುಂದೆ ನಿಲ್ದಾಣಗಳ ಪಟ್ಟಿ ಬರಲಿದೆ, ನಿಮ್ಮದು ಇದೆಯೇ ಎಂದು ಗಮನಿಸಿ. 'ಎಕ್ಸೆಪ್ಸಿಯೊನೆಲ್‌ಮಾಂ' ಎಂಬ ಉದ್ದ ಪದ ಅಥವಾ 'ಶಾಂಜಮಾಂ ದ ವುವಾ' ಕಿವಿಗೆ ಬಿದ್ದರೆ ತಕ್ಷಣ ಪರದೆ ನೋಡಿ. ಹೆಚ್ಚಾಗಿ ಪ್ಲಾಟ್‌ಫಾರಂ ಬದಲಾಗಿರುತ್ತದೆ.

ಕಟ್ಟೆಯ ಮೇಲೆ ಅಕ್ಷರಗಳ ಫಲಕಗಳಿರುತ್ತವೆ, 'ರಪೆರ್' ಎನ್ನುತ್ತಾರೆ. ನಿಮ್ಮ ಬೋಗಿ ಯಾವ ಅಕ್ಷರದ ಎದುರು ನಿಲ್ಲುತ್ತದೆಂದು ಪರದೆಯಲ್ಲಿ ತೋರಿಸುತ್ತಾರೆ, ಮೊದಲೇ ಅಲ್ಲಿಗೆ ಹೋಗಿ ನಿಲ್ಲಿ. ಇದು ಸೌಕರ್ಯದ ಮಾತಷ್ಟೇ ಅಲ್ಲ. ಎರಡು ರೈಲುಗಳನ್ನು ಮೂತಿಗೆ ಮೂತಿ ಜೋಡಿಸಿ ಒಂದಾಗಿ ಓಡಿಸುವುದುಂಟು. ಒಂದರಲ್ಲಿ 1ರಿಂದ 8, ಇನ್ನೊಂದರಲ್ಲಿ 11ರಿಂದ 18 ಬೋಗಿಗಳು. ಒಂದರಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿ ಇಲ್ಲ. ಮುಂದೆ ಎಲ್ಲೋ ಅವು ಬೇರೆಬೇರೆಯಾಗಬಹುದು. ನೀವು ಪ್ಯಾರಿಸ್‌ನಿಂದ ಫ್ರಾನ್ಸಿನ ಪಶ್ಚಿಮದ ಬ್ರಿಟನಿ ಪ್ರಾಂತ್ಯದ ಕಡೆ ಹೋದರೆ, ರೆನ್ ಎಂಬಲ್ಲಿ ಅರ್ಧ ಬ್ರೆಸ್ತ್‌ಗೂ ಅರ್ಧ ಕ್ಯಾಂಪೆರ್‌ಗೂ ಕವಲೊಡೆಯುವ ಗಾಡಿಗಳಿವೆ. ತಪ್ಪು ಅರ್ಧದಲ್ಲಿ ಕೂತವರಿಗೆ ತಪಾಸಣೆಯವರು ಬರುವತನಕ ತಿಳಿಯುವುದಿಲ್ಲ.

ಒಳಗೆ ಹತ್ತಿದ ಮೇಲೆ, ಮಹಡಿ ಬೋಗಿಯಾದರೆ 'ಆಂ ಓ' ಮೇಲೆ, 'ಆಂ ಬಾ' ಕೆಳಗೆ. ನಿಮ್ಮ ಜಾಗದಲ್ಲಿ ಬೇರೆಯವರಿದ್ದರೆ ಜಗಳಕ್ಕೆ ನಿಲ್ಲುವ ಮುಂಚೆ ಬೋಗಿ ಸಂಖ್ಯೆ ಕೇಳಿ. ಹತ್ತರಲ್ಲಿ ಒಂಬತ್ತು ಸಲ ಯಾರೋ ಒಬ್ಬರು ಪಕ್ಕದ ಬೋಗಿಯವರಾಗಿರುತ್ತಾರೆ. ಸರಿಯಿದ್ದರೆ 'ಎಕ್ಸ್ಕ್ಯೂಜ಼ೇ ಮುವಾ, ಜ ಕ್ರುವಾ ಕ ಸೆ ಮಾ ಪ್ಲಾಸ್' ಎಂದು ಟಿಕೆಟ್ ತೋರಿಸಿ: ಇದು ನನ್ನ ಜಾಗ ಅನಿಸುತ್ತದೆ. 'ಪ್ಲಾಸ್' ಅಂದರೆ ಸೀಟು. ನಿಮ್ಮಿಬ್ಬರಿಗೆ ದೂರದೂರ ಸೀಟು ಬಂದಿದ್ದರೆ 'ಓನೆ ಆಂಸಾಂಬ್ಲ್' (ನಾವಿಬ್ಬರು ಜೊತೆ) ಎಂದು ಹೇಳಿ, 'ವೂ ಪೂವೇ ಶಾಂಜೇ ದ ಪ್ಲಾಸ್?' ಎನ್ನಿ. ಪೆಟ್ಟಿಗೆ ಎತ್ತಲು 'ವೂ ಪೂವೇ ಮೇದೇ, ಸಿಲ್ ವೂ ಪ್ಲೆ?' ಸಾಕು. ಮನೆಯಿಂದ ಕಟ್ಟಿಕೊಂಡ ಚಪಾತಿ ಪಲ್ಯವನ್ನು ಸೀಟಿನಲ್ಲಿ ಕೂತು ತಿನ್ನಬಹುದು, ಯಾರೂ ಆಕ್ಷೇಪಿಸುವುದಿಲ್ಲ. ಬೋಗಿಯ ಶೌಚಾಲಯದ ನಲ್ಲಿಯ ಮೇಲೆ 'ನೋಂ ಪೊತಾಬ್ಲ್' ಎಂದಿದ್ದರೆ ಕುಡಿಯಲು ಯೋಗ್ಯವಲ್ಲ. ಊಟ ಕೊಳ್ಳುವುದಾದರೆ 'ಸಸ್ಯಾಹಾರಿ' ಎಂಬ ಪದದ ಮೇಲೆ ಭಾರ ಹಾಕಬೇಡಿ, ಅದರೊಳಗೆ ಮೊಟ್ಟೆ ಸೇರುತ್ತದೆ. ಬಿಡಿಸಿ ಹೇಳಿ: 'ಸಾಂ ವಿಯಾಂದ್, ಸಾಂ ಪುವಾಸೋಂ, ಸಾಂಜ಼ೊಫ್', ಮಾಂಸವಿಲ್ಲದ್ದು, ಮೀನಿಲ್ಲದ್ದು, ಮೊಟ್ಟೆಯಿಲ್ಲದ್ದು. ಪುವಾಸೋಂನ ಸಕಾರ ಗಟ್ಟಿಯಾಗಿರಲಿ. ಪುವಾಜ಼ೋಂ ಎಂದರೆ ವಿಷ.

ತಪಾಸಣೆಯವರು 'ತಿತ್ರ ದ ತ್ರಾಂಸ್ಪೋರ್' ಎಂದು ಕೇಳುತ್ತಾರೆ, ಟಿಕೆಟ್ ಎಂದೇ ಅರ್ಥ. ಮುಂದಿನ ಪ್ರಶ್ನೆ 'ವೋತ್ರ ಕಾರ್ತ್?' ಆಗಿದ್ದರೆ ಬ್ಯಾಂಕ್ ಕಾರ್ಡ್ ತೆಗೆಯಬೇಡಿ, ಅವರು ರಿಯಾಯಿತಿ ಕಾರ್ಡ್ ಕೇಳುತ್ತಿದ್ದಾರೆ. 60 ದಾಟಿದವರಿಗೆ ವರ್ಷಕ್ಕೆ 49 ಯೂರೋದ 'ಕಾರ್ತ್ ಆವಾಂತಾಜ್ ಸೆನಿಯೋರ್' ಸಿಗುತ್ತದೆ, ಇನ್ವೀ ಟಿಕೆಟ್ ಮೇಲೆ ಶೇಕಡಾ 30ರ ರಿಯಾಯಿತಿ. ನೀವು ನಾಲ್ಕಾರು ಸಲ ಓಡಾಡುವುದಾದರೆ ಗಿಟ್ಟುತ್ತದೆ. ಆದರೆ ಆ ದರದ ಟಿಕೆಟ್ ತೆಗೆದು ಕಾರ್ಡ್ ತೋರಿಸಲಾಗದಿದ್ದರೆ ದಂಡ. ಅವಸರದಲ್ಲಿ ಟಿಕೆಟ್ ಇಲ್ಲದೆ ಹತ್ತಿದ್ದರೆ ಅವರು ಬರುವವರೆಗೆ ಕಾಯದೆ ನೀವೇ ಹುಡುಕಿಕೊಂಡು ಹೋಗಿ 'ಜ ನೇ ಪಾ ದ ಬಿಯೆ' (ನನ್ನ ಹತ್ತಿರ ಟಿಕೆಟ್ ಇಲ್ಲ) ಎಂದು ಹೇಳಿ. ಹೋಗಿ ಹೇಳಿದವರಿಗೂ ಸಿಕ್ಕಿಬಿದ್ದವರಿಗೂ ಬೇರೆ ಬೇರೆ ದರ.

ಇಳಿಯುವಾಗ 'ಪ್ರೊಶೆನಾರೆ' (ಮುಂದಿನ ನಿಲ್ದಾಣ) ಎಂದ ಬಳಿಕ ಬರುವ ಹೆಸರು ಪೂರ್ತಿ ಕೇಳಿ. ಲಿಯೋಂ ಎಂದ ಕೂಡಲೇ ಎದ್ದು ಇಳಿಯಬೇಡಿ. 'ಲಿಯೋಂ ಸ್ಯಾಂತೆಗ್ಜ಼್ಯೂಪೇರಿ' ಊರಾಚೆಯ ವಿಮಾನ ನಿಲ್ದಾಣ, ಕೆಲವು ಗಾಡಿಗಳು ಅಲ್ಲಿ ನಿಲ್ಲುತ್ತವೆ. ನಿಮಗೆ ಬೇಕಾದ್ದು ಪಾರ್ ದ್ಯೊ. ಗಾಡಿ ಮುಂದಕ್ಕೆ ಹೋಗುವಂಥದ್ದಾದರೆ ಕೆಲವೇ ನಿಮಿಷ ನಿಲ್ಲುತ್ತದೆ, ಪೆಟ್ಟಿಗೆಗಳನ್ನು ಮೊದಲೇ ಬಾಗಿಲ ಬಳಿ ತಂದಿಡಿ. ದಾರಿ ಬಿಡಿಸಿಕೊಳ್ಳಲು 'ಪಾರ್ದೋಂ, ಜ ದೆಸಾಂ ಇಸಿ' (ಇಲ್ಲೇ ಇಳಿಯುತ್ತೇನೆ).

ಲಿಯಾನ್‌ನಿಂದ ಗ್ರೆನೋಬ್ಲ್‌ಗೆ 'ತೇ ಅ ಎರ್' ಎಂಬ ಪ್ರಾದೇಶಿಕ ರೈಲು, ಸುಮಾರು ಒಂದೂವರೆ ಗಂಟೆ. ಇದರಲ್ಲಿ ಸೀಟು ಸಂಖ್ಯೆಯಿಲ್ಲ, ಖಾಲಿ ಕಂಡಲ್ಲಿ ಕೂರಬಹುದು. ಬಾಗಿಲು ತಾನಾಗಿ ತೆರೆಯುವುದಿಲ್ಲ. ಗುಂಡಿಯ ಮೇಲೆ ದೀಪ ಹತ್ತಿದಾಗ ಒತ್ತಬೇಕು. ಗಾಡಿ ನಿಂತಿದೆ, ಬಾಗಿಲು ಮುಚ್ಚಿದೆ ಎಂದು ಕಟ್ಟೆಯ ಮೇಲೆ ಕಾದು ನಿಂತರೆ ಅದು ಹೊರಟುಹೋಗುತ್ತದೆ. ಫೋನಿನಲ್ಲಿ ಚೌಕಗಳ ಕೋಡ್ ಇರುವ ಟಿಕೆಟ್ಟಿಗೆ ಏನೂ ಮಾಡಬೇಕಿಲ್ಲ. ದಿನಾಂಕ ನಮೂದಾಗದ ಕಾಗದದ ಟಿಕೆಟ್ ಕೈಗೆ ಬಂದಿದ್ದು ನಿಲ್ದಾಣದಲ್ಲಿ ಹಳದಿ ಯಂತ್ರ ಕಂಡರೆ ಅದರಲ್ಲಿ ತೂರಿಸಿ ಮುದ್ರೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ ಬೀಳಬಹುದು. ವುವಾರೋಂ ಎಂಬ ನಿಲ್ದಾಣ ಬಂತೆಂದರೆ ಗ್ರೆನೋಬ್ಲ್ ಹತ್ತಿರ. ಸಣ್ಣ ಊರುಗಳ ವೇಳಾಪಟ್ಟಿಯಲ್ಲಿ ಸಿ, ಎ, ಆರ್ ಎಂದೋ 'ಓತೋಕಾರ್' ಎಂದೋ ಇದ್ದರೆ ಅದು ಕಾರಲ್ಲ, ಬಸ್ಸು. ರೈಲ್ವೆಯದೇ ಬಸ್ಸು, ನಿಲ್ದಾಣದ ಹೊರಗಿನಿಂದ ಹೊರಡುತ್ತದೆ. ಪ್ಲಾಟ್‌ಫಾರಂನಲ್ಲಿ ಕಾದರೆ ಕಾದದ್ದೇ.

ಕೆಟ್ಟರೆ? ಪರದೆಯ ಮೇಲೆ 'ಆ ಲೋರ್' ಇದ್ದರೆ ಸಮಯಕ್ಕೆ ಸರಿ, 'ರತಾರ್' ಅಥವಾ 'ರತಾರ್ದೇ' ತಡ, 'ಸ್ಯೂಪ್ರಿಮೇ' ರದ್ದು. ಕಾರಣ ಹೇಳುವ ಪದಗಳಿಂದ ಎಷ್ಟು ಹೊತ್ತು ಕಾಯಬೇಕೆಂಬ ಅಂದಾಜು ಸಿಗುತ್ತದೆ. 'ಬಾಗಾಜ್ ಆಬಾಂದೊನೇ' ವಾರಸುದಾರರಿಲ್ಲದ ಚೀಲ, ತಪಾಸಣೆ ಮುಗಿಯುವವರೆಗೆ ತಡೆ. 'ಆಕ್ಸಿದಾಂ ದ ಪೆರ್ಸೊನ್' ಎಂದರೆ ಯಾರೋ ಹಳಿಗೆ ಸಿಕ್ಕಿದ್ದಾರೆ, ಇದು ಗಂಟೆಗಟ್ಟಲೆ ಹೋಗಬಹುದು, ಬೇರೆ ದಾರಿ ನೋಡಿ. 'ಗ್ರೆವ್' ಮುಷ್ಕರ. ಘೋಷಣೆಯಲ್ಲಿ ಅದನ್ನೇ ನಯವಾಗಿ 'ಮೂವ್ಮಾಂ ಸೋಸಿಯಾಲ್' ಎನ್ನುತ್ತಾರೆ. ಯಾವ ಗಾಡಿ ಓಡುತ್ತದೆಂದು ಹಿಂದಿನ ದಿನವೇ ತಿಳಿಸುವುದು ರೂಢಿ, ಮಗಳಿಗೆ ಹಿಂದಿನ ಸಂಜೆ ನೋಡಲು ಹೇಳಿ.

ಗಾಡಿ ತಪ್ಪಿದರೆ 'ಜೇ ರಾತೇ ಮೋಂ ತ್ರ್ಯಾಂ'. ಆದರೆ ಮೊದಲ ಗಾಡಿ ತಡವಾದ್ದರಿಂದ ಎರಡನೆಯದು ತಪ್ಪಿದ್ದರೆ ಅಷ್ಟಕ್ಕೇ ನಿಲ್ಲಿಸಬೇಡಿ, 'ಮೋಂ ತ್ರ್ಯಾಂ ಎತೆ ಆಂ ರತಾರ್' (ನನ್ನ ಗಾಡಿ ತಡವಾಗಿತ್ತು) ಸೇರಿಸಿ. ಮೊದಲ ವಾಕ್ಯವಷ್ಟೇ ಹೇಳಿದರೆ ನಿಮ್ಮ ತಪ್ಪು, ಎರಡನೆಯದೂ ಸೇರಿದರೆ ಅವರ ತಪ್ಪು. ಎರಡೂ ಗಾಡಿಯ ಟಿಕೆಟ್ ಒಂದೇ ಬುಕಿಂಗ್‌ನಲ್ಲಿ ತೆಗೆದಿದ್ದರೆ ಮುಂದಿನ ಗಾಡಿಗೆ ಹತ್ತಿಸುತ್ತಾರೆ. ಬೇರೆಬೇರೆ ತೆಗೆದಿದ್ದರೆ ವಾದ ಕಷ್ಟ, ಆದ್ದರಿಂದ ಒಟ್ಟಿಗೇ ತೆಗೆಯಿರಿ. ಇನ್ವೀ ಗಾಡಿ 30 ನಿಮಿಷ ಅಥವಾ ಹೆಚ್ಚು ತಡವಾಗಿ ತಲುಪಿದರೆ ಟಿಕೆಟ್ ದರದ ಶೇಕಡಾ 25ರಿಂದ ಶುರುವಾಗಿ ಪರಿಹಾರ ಸಿಗುತ್ತದೆ, ಅರ್ಜಿ ಆನ್‌ಲೈನ್. ವಿಮಾನ ತಡವಾಗಿ ಇಳಿದದ್ದಕ್ಕೆ ರೈಲ್ವೆ ಹೊಣೆಯಲ್ಲ, ವಿಮಾನಕ್ಕೂ ರೈಲಿಗೂ ನಡುವೆ ಮೂರು ಗಂಟೆಯಾದರೂ ಬಿಡಿ. ಆದರೂ ತಡವಾಗುವಂತಿದ್ದರೆ ಗಾಡಿ ಹೊರಡುವ ಮುಂಚೆಯೇ 'ಜ ವೂದ್ರೆ ಎಶಾಂಜೇ ಮೋಂ ಬಿಯೆ' (ಟಿಕೆಟ್ ಬದಲಿಸಬೇಕಿತ್ತು) ಎಂದು ಕೇಳಿ. ಹೊರಟ ಮೇಲೆ ಆ ಟಿಕೆಟ್ಟಿಗೆ ಬಹುಪಾಲು ಬೆಲೆ ಉಳಿಯುವುದಿಲ್ಲ.

ಚೀಲ ಗಾಡಿಯಲ್ಲೇ ಉಳಿದರೆ 'ಜೇ ಊಬ್ಲಿಯೇ ಮೋಂ ಸಾಕ್ ದಾಂ ಲ ತ್ರ್ಯಾಂ', ಕಳವಾದರೆ 'ಓಂ ಮಾ ವೋಲೇ ಮೋಂ ಸಾಕ್'. ರೈಲಿನಲ್ಲಿ ತೊಂದರೆಯಾದರೆ ರೈಲ್ವೆಯ ತುರ್ತು ಸಂಖ್ಯೆ 3117, ಎಲ್ಲ ಬಗೆಯ ಆಪತ್ತಿಗೆ 112. 'ಓ ಸಕೂರ್' ಎಂದರೆ ಕಾಪಾಡಿ.

ಅಭ್ಯಾಸಕ್ಕೆ ಅಪ್ಲಿಕೇಶನ್ ಬೇಡ, ಮಗಳು ಸಾಕು. ದಿನಾ ಫೋನಿನಲ್ಲಿ ಅವಳು ಹತ್ತು ಸಮಯ, ಐದು ಬೋಗಿ ಸಂಖ್ಯೆ, ಐದು ಪ್ಲಾಟ್‌ಫಾರಂ ಅಕ್ಷರ ಫ್ರೆಂಚಿನಲ್ಲಿ ಒಂದೇ ಸಲ, ಅಲ್ಲಿನವರ ವೇಗದಲ್ಲಿ ಹೇಳಲಿ. ನೀವು ಬರೆದುಕೊಂಡು ಓದಿ ಹೇಳಿ. ದೊಜ಼ೋರ್ ಮತ್ತು ದೂಜ಼ೋರ್, ಸೆತ್ ಮತ್ತು ಸೆಜ಼್, ಜೇ ಮತ್ತು ಜಿ ದಿನವೂ ಅದರಲ್ಲಿರಲಿ. ಇಪ್ಪತ್ತರಲ್ಲಿ ಹದಿನಾರು ಸರಿ ಬರತೊಡಗಿದರೆ ಉಳಿದ ನಾಲ್ಕಕ್ಕೆ ಚೀಟಿ, ಪೆನ್ನು ಇದ್ದೇ ಇದೆ.